ಬಗ್ ಹೋಯ್ತು, ಪ್ರೋಗ್ರಾಂ ಕೆಟ್ಟಿತು: ಅಪ್‌ಡೇಟ್ ಹಾಕಿದ ಮೇಲೆ ಬರುವ ದೋಷ ಹುಡುಕುವ ಕೈಪಿಡಿ

ಗುರುವಾರ ಬೆಳಿಗ್ಗೆ ಬ್ಯಾಡಗಿಯ ಒಂದು ದಲಾಲಿ ಅಂಗಡಿಯಿಂದ ಫೋನ್ ಬಂತು. "ಸರ್ರ, ನೀವು ನಿನ್ನಿ ಕಳಿಸಿದ್ದು ಹಾಕಿದ ಮ್ಯಾಲ ಮೊತ್ತ ಸೊನ್ನಿ ತೋರ್ಸಾಕತ್ತೈತಿ ನೋಡ್ರಿ. ಮೊದಲ ಅರ್ಧ ಕೆಜಿ ಹೆಚ್ಚುಕಮ್ಮಿ ಬರ್ತಿತ್ತು, ಅದ ಚಲೋ ಇತ್ತು."

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಪೇಟೆ ನಡೆಯುವುದು ಸೋಮವಾರ ಮತ್ತು ಗುರುವಾರ. ಅಂದರೆ ಅವರು ಫೋನ್ ಹಿಡಿದಾಗ ಅಂಗಡಿ ಮುಂದೆ ಚೀಲಗಳ ಸಾಲು ನಿಂತಿತ್ತು. ನಾನು ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಚಹಾ ಕುಡಿಯುತ್ತಾ ಕೂತಿದ್ದೆ. ಅವರ ತೂಕದ ಲೆಕ್ಕದ ಪ್ರೋಗ್ರಾಂ ಬರೆದವರು ನಾವು, ತಪ್ಪೂ ನಮ್ಮದೇ. ಬಗ್ ಒಂದನ್ನು ಸರಿ ಮಾಡಿದ್ದೆವು, ಅದು ಸರಿಯಾಗಿಯೂ ಇತ್ತು. ಆದರೆ ಅವರ ಕಂಪ್ಯೂಟರ್‌ನಲ್ಲಿದ್ದ ಹಳೇ ಪ್ರೋಗ್ರಾಂಗೂ ನಾವು ಕಳಿಸಿದ ಹೊಸ ಲೈಬ್ರರಿಗೂ ಹೊಂದಾಣಿಕೆ ತಪ್ಪಿತ್ತು. ಲೈಬ್ರರಿ ಅಂದರೆ ಪ್ರೋಗ್ರಾಂ ಓಡುವಾಗ ಕರೆದು ಬಳಸುವ ಬೇರೆ ಫೈಲಿನ ಕೋಡ್. ಮತ್ತೆ ಕಂಪೈಲ್ ಮಾಡದ (ಬರೆದ ಕೋಡನ್ನು ಯಂತ್ರ ಓಡಿಸುವ ಬೈನರಿ ಫೈಲ್ ಆಗಿ ಹೊಸದಾಗಿ ಬದಲಿಸದ) ಹಳೇ ಪ್ರೋಗ್ರಾಂ ಹೊಸ ಲೈಬ್ರರಿ ಜೊತೆ ಹಾಗೇ ಓಡಬೇಕು ಅನ್ನುವುದೇ ಬೈನರಿ ಹೊಂದಾಣಿಕೆ.

ಅಪ್‌ಡೇಟ್ ಆದ ಮೇಲೆ ಏನಾದರೂ ಕೆಟ್ಟರೆ ಹೆಚ್ಚಿನವರು ಎರಡರಲ್ಲಿ ಒಂದು ಮಾಡುತ್ತಾರೆ. ಪ್ಯಾಚ್ (ಬಗ್ ಸರಿಪಡಿಸಲು ಕಳಿಸಿದ ಬದಲಾವಣೆ) ಕಿತ್ತು ಹಳೆಯದಕ್ಕೆ ಹೋಗುತ್ತಾರೆ, ಇಲ್ಲವೇ ಪ್ಯಾಚ್ ಮೇಲೆ ಇನ್ನೊಂದು ಪ್ಯಾಚ್ ಹಾಕುತ್ತಾರೆ. ಎರಡಕ್ಕೂ ಮುಂಚೆ ಒಂದು ಪ್ರಶ್ನೆ ಕೇಳಬೇಕು: ಕೆಟ್ಟಿರುವುದು ಪ್ಯಾಚ್‌ನ ಲೆಕ್ಕವೋ, ಹಳೆಯದು ಹೊಸದರ ಜೋಡಣೆಯೋ? ನಿಮ್ಮ ಕಣ್ಣಿಗೆ ಬಿದ್ದ ಲಕ್ಷಣ ಯಾವುದೋ ಆ ಭಾಗಕ್ಕೆ ನೇರ ಹೋಗಿ. ಸುಲಭದ್ದು ಮುಂದಿದೆ, ತಲೆನೋವಿನದ್ದು ಹಿಂದಿದೆ.

ಕೈ ಹಾಕುವ ಮುಂಚೆ

ಡೇಟಾಬೇಸ್‌ನ ಒಂದು ಪ್ರತಿ ಬೇರೆ ಡಿಸ್ಕ್‌ಗೆ ಹಾಕಿ. ಪೆನ್‌ಡ್ರೈವ್ ಆದರೂ ಸಾಕು. ಈಗಿರುವ ಲೈಬ್ರರಿ ಫೈಲನ್ನು ಅಳಿಸಬೇಡಿ, ತಾರೀಖು ಹಾಕಿದ ಫೋಲ್ಡರ್‌ನಲ್ಲಿ ಎತ್ತಿಡಿ. ಪೇಟೆ ದಿನ ಪ್ರಯೋಗ ಬೇಡ. ಪೇಟೆ ದಿನವೇ ಕೆಟ್ಟರೆ ಮೊದಲು ಹಳೇ ಪ್ರೋಗ್ರಾಂ ಮತ್ತು ಹಳೇ ಲೈಬ್ರರಿ ಎರಡನ್ನೂ ಒಟ್ಟಿಗೆ ವಾಪಸ್ ಹಾಕಿ ವ್ಯಾಪಾರ ನಡೆಯಲು ಬಿಡಿ. ಕಾರಣ ಸಂಜೆ ಹುಡುಕಿದರಾಯಿತು.

ಇನ್ನೊಂದು ಮಾತು. ಯಾವುದೋ ಡಿಎಲ್‌ಎಲ್ (ವಿಂಡೋಸ್‌ನ ಲೈಬ್ರರಿ ಫೈಲ್) ಇಲ್ಲ ಅಂತ ಬಂದ ಕೂಡಲೇ ಗೂಗಲ್ ಮಾಡಿ, ಸಿಕ್ಕ ಸೈಟಿನಿಂದ ಆ ಒಂದೇ ಫೈಲ್ ಇಳಿಸಿಕೊಳ್ಳುವ ಚಾಳಿ ನಮ್ಮ ಕಡೆ ಜಾಸ್ತಿ. ಬೇಡವೇ ಬೇಡ. ಅದು ಯಾವ ವರ್ಶನ್, ಅದರೊಳಗೆ ಏನಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ.

ಲಕ್ಷಣ: ಪ್ರೋಗ್ರಾಂ ತೆರೆಯುವುದೇ ಇಲ್ಲ

ಇದು ಹೆದರಿಸುವ ಲಕ್ಷಣ, ಆದರೆ ಎಲ್ಲಕ್ಕಿಂತ ಸುಲಭದ್ದು. ಶುರುವಿನಲ್ಲೇ ನಿಂತಿತು ಅಂದರೆ ನಿಮ್ಮ ಡೇಟಾ ಕೆಟ್ಟಿಲ್ಲ.

ವಿಂಡೋಸ್‌ನಲ್ಲಿ 0xc000007b ಅನ್ನುವ ಸಂಖ್ಯೆ ಬಂದರೆ ಸಾಮಾನ್ಯವಾಗಿ 32 ಬಿಟ್ ಪ್ರೋಗ್ರಾಂಗೆ 64 ಬಿಟ್ ಡಿಎಲ್‌ಎಲ್ ಸಿಕ್ಕಿದೆ, ಇಲ್ಲವೇ ಅದರ ಉಲ್ಟಾ. ಇಲ್ಲಿ ಎಲ್ಲರೂ ಒಮ್ಮೆಯಾದರೂ ಎಡವುತ್ತಾರೆ. 64 ಬಿಟ್ ವಿಂಡೋಸ್‌ನಲ್ಲಿ ಸಿಸ್ಟಮ್32 ಫೋಲ್ಡರ್‌ನಲ್ಲಿ ಇರುವುದು 64 ಬಿಟ್ ಫೈಲ್‌ಗಳು, ಸಿಸ್‌ವಾವ್64 ಅನ್ನುವುದರಲ್ಲಿ ಇರುವುದು 32 ಬಿಟ್ ಫೈಲ್‌ಗಳು. ಹೆಸರು ಕೂಡ ಹಳೇ ಪ್ರೋಗ್ರಾಂಗಳ ಹೊಂದಾಣಿಕೆಗಾಗಿಯೇ ಹಾಗೆ ಉಳಿದದ್ದು!

ವಿಸಿರನ್‌ಟೈಮ್140 ಅನ್ನುವ ಡಿಎಲ್‌ಎಲ್ ಇಲ್ಲ ಅಂತ ಬಂದರೆ ಮೈಕ್ರೋಸಾಫ್ಟ್‌ನ ವಿಶುವಲ್ ಸಿ++ ರೀಡಿಸ್ಟ್ರಿಬ್ಯೂಟಬಲ್‌ನ ಹೊಸದನ್ನು ಇನ್‌ಸ್ಟಾಲ್ ಮಾಡಿ. 2015ರ ಆವೃತ್ತಿಯಿಂದ ಈಚೆಗೆ ಅವರು ಹೊಂದಾಣಿಕೆ ಕಾಪಾಡಿಕೊಂಡು ಬಂದಿದ್ದಾರೆ. ಹೊಸದು ಹಳೆಯದರ ಕೆಲಸ ಮಾಡುತ್ತದೆ, ಹಳೆಯದು ಹೊಸದರ ಕೆಲಸ ಮಾಡುವುದಿಲ್ಲ.

ಲಿನಕ್ಸ್‌ನಲ್ಲಿ ಎರಡು ಸಂದೇಶ ಜಾಸ್ತಿ ಕಾಣುತ್ತವೆ. ಒಂದು, ಜಿಲಿಬ್‌ಸಿ (ಲಿನಕ್ಸ್‌ನ ಬಹುತೇಕ ಪ್ರೋಗ್ರಾಂಗಳು ನಿಂತಿರುವ ಮೂಲ ಲೈಬ್ರರಿ) 2.34 ಸಿಗಲಿಲ್ಲ ಅನ್ನುವುದು. ಉಬುಂಟು ಲಿನಕ್ಸ್‌ನ 22.04ರಲ್ಲಿ ಕಂಪೈಲ್ ಮಾಡಿ 20.04ರಲ್ಲಿ ಓಡಿಸಲು ಹೋದರೆ ಇದೇ ಗತಿ, ಯಾಕೆಂದರೆ ಮೊದಲನೆಯದರಲ್ಲಿ ಇರುವುದು 2.35, ಎರಡನೆಯದರಲ್ಲಿ 2.31. ಹೊಸ ಜಿಲಿಬ್‌ಸಿ ತಂದು ಹಳೇ ಸಿಸ್ಟಮ್ ಮೇಲೆ ಕೂರಿಸಬೇಡಿ. ಇಡೀ ಮಷಿನ್ ಬೂಟ್ ಆಗದೆ ಹೋಗಬಹುದು. ಗಿರಾಕಿಗಳಲ್ಲಿರುವ ಅತಿ ಹಳೇ ಸಿಸ್ಟಮ್ ಯಾವುದೋ ಅದರಲ್ಲೇ ಬಿಲ್ಡ್ ಮಾಡುವುದು ಇದಕ್ಕೆ ಮದ್ದು.

ಎರಡನೆಯದು, ಲಿಬ್‌ಎಸ್‌ಎಸ್‌ಎಲ್ 1.1 ಸಿಗಲಿಲ್ಲ ಅನ್ನುವುದು. ಅದು ನೆಟ್ ಸಂಪರ್ಕಕ್ಕೆ ಗುಪ್ತಲಿಪಿಯ ರಕ್ಷಣೆ ಕೊಡುವ ಓಪನ್‌ಎಸ್‌ಎಸ್‌ಎಲ್‌ನ ಫೈಲ್. ಉಬುಂಟು 22.04ರಲ್ಲಿ ಓಪನ್‌ಎಸ್‌ಎಸ್‌ಎಲ್ 3 ಇದೆ, 1.1 ಇಲ್ಲ. ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಸರ್ವರ್‌ನಲ್ಲಿ ಯಾರೋ 3ರ ಫೈಲಿಗೆ 1.1 ಅಂತ ಹೆಸರಿಟ್ಟು ಲಿಂಕ್ ಕೊಟ್ಟಿದ್ದರು. ಹೊಸ ಅಳಿಯನಿಗೆ ಹಳೇ ಅಳಿಯನ ಹೆಸರಿಟ್ಟು ಕರೆದ ಹಾಗೆ. ಫೈಲ್ ಹೆಸರಿನ ಕೊನೆಯ ಆ ಸಂಖ್ಯೆ ಅಲಂಕಾರಕ್ಕಲ್ಲ. ಇದು ಬೇರೆ ಒಪ್ಪಂದ, ಹಳಬರು ನನ್ನ ಹತ್ತಿರ ಬರಬೇಡಿ ಅಂತ ಲೈಬ್ರರಿ ಬರೆದವರೇ ಹಾಕಿದ ಬೋರ್ಡ್ ಅದು. ಬೋರ್ಡ್ ಬದಲಿಸಿದರೆ ಒಳಗಿನದು ಬದಲಾಗುವುದಿಲ್ಲ.

ಯಾವ ಲೈಬ್ರರಿ ಬೇಕು, ಎಲ್ಲಿಂದ ಸಿಗುತ್ತಿದೆ ಅಂತ ಲಿನಕ್ಸ್‌ನ ಎಲ್‌ಡಿಡಿ ಅನ್ನುವ ಕಮಾಂಡ್ ತೋರಿಸುತ್ತದೆ. ನಂಬಿಕೆ ಇಲ್ಲದ ಫೈಲ್ ಮೇಲೆ ಮಾತ್ರ ಅದನ್ನು ಓಡಿಸಬೇಡಿ, ನೋಡಲು ಹೋಗಿ ಆ ಪ್ರೋಗ್ರಾಂ ಅನ್ನೇ ಓಡಿಸಿಬಿಡುವ ಸಂದರ್ಭ ಉಂಟು. ಅಂಥ ಕಡೆ ಫೈಲನ್ನು ಓಡಿಸದೆ ಓದುವ ಆಬ್ಜ್‌ಡಂಪ್ ಸಾಕು.

ಲಕ್ಷಣ: ತೆರೆಯುತ್ತದೆ, ಒಂದು ಬಟನ್ ಒತ್ತಿದಾಗ ಮಾತ್ರ ಸಾಯುತ್ತದೆ

ಇಲ್ಲಿ ಲೈಬ್ರರಿ ಸಿಕ್ಕಿದೆ, ಅದರೊಳಗೆ ಹುಡುಕಿದ ಫಂಕ್ಷನ್ (ಹೆಸರಿಟ್ಟು ಕರೆಯುವ ಕೋಡ್ ತುಂಡು) ಸಿಕ್ಕಿಲ್ಲ. ಲಿನಕ್ಸ್‌ನಲ್ಲಿ ಅನ್‌ಡಿಫೈನ್ಡ್ ಸಿಂಬಲ್ ಅಂತ ಬರುತ್ತದೆ. ಜಾವಾದಲ್ಲಿ ನೋಸಚ್‌ಮೆಥಡ್‌ಎರರ್. ವಿಂಡೋಸ್‌ನಲ್ಲಿ ಎಂಟ್ರಿ ಪಾಯಿಂಟ್ ಸಿಗಲಿಲ್ಲ ಅನ್ನುವ ಸಂದೇಶ ಸಾಮಾನ್ಯವಾಗಿ ಶುರುವಿನಲ್ಲೇ ಬರುತ್ತದೆ. ಲಿನಕ್ಸ್ ಹಲವು ಸಲ ಕರೆದಾಗಷ್ಟೇ ಹುಡುಕುತ್ತದೆ, ಅದಕ್ಕೇ ಬೆಳಿಗ್ಗೆ ಎಲ್ಲ ಸರಿ ಇದ್ದು ಸಂಜೆ ವರದಿ ತೆಗೆಯುವಾಗ ಸಾಯುವುದು. ಎಲ್‌ಡಿ_ಬೈಂಡ್_ನೌ ಅನ್ನುವ ಪರಿಸರ ವೇರಿಯಬಲ್‌ಗೆ 1 ಕೊಟ್ಟು ಓಡಿಸಿ. ಇಲ್ಲದ ಫಂಕ್ಷನ್ ಇದ್ದರೆ ಶುರುವಿನಲ್ಲೇ ಹೇಳಿಬಿಡುತ್ತದೆ.

ದೋಷದ ಸಂದೇಶದಲ್ಲಿ ಬರುವ ಫಂಕ್ಷನ್‌ನ ಉದ್ದನೆಯ ವಿಚಿತ್ರ ಹೆಸರನ್ನು ಸಿ++ಫಿಲ್ಟ್ ಅನ್ನುವ ಕಮಾಂಡ್‌ಗೆ ಕೊಟ್ಟರೆ ಓದುವ ಹಾಗೆ ಬರುತ್ತದೆ. ಅದರಲ್ಲಿ ಸಿಎಕ್ಸ್‌ಎಕ್ಸ್11 ಅನ್ನುವ ತುಂಡು ಕಂಡರೆ ಕಾರಣ ಅರ್ಧ ಸಿಕ್ಕಿತು. 2015ರ ಜಿಸಿಸಿ 5 ಅನ್ನುವ ಕಂಪೈಲರ್‌ನಲ್ಲಿ ಸ್ಟ್ರಿಂಗ್‌ನ (ಅಕ್ಷರಗಳ ಸಾಲು) ಮತ್ತು ಲಿಸ್ಟ್‌ನ (ಪಟ್ಟಿ) ಒಳರಚನೆ ಬದಲಾಯಿತು. ಸಿ++11 ಅನ್ನುವ ಭಾಷಾ ನಿಯಮಕ್ಕೆ ತಕ್ಕಂತೆ ಬದಲಾಯಿಸಲೇಬೇಕಿತ್ತು. ಅವರು ಹಳೆಯದನ್ನು ಕಿತ್ತು ಹಾಕಲಿಲ್ಲ. ಹೊಸದಕ್ಕೆ ಬೇರೆ ಹೆಸರು ಕೊಟ್ಟು ಎರಡನ್ನೂ ಒಂದೇ ಲೈಬ್ರರಿಯಲ್ಲಿ ಇಟ್ಟರು. ಹಾಗಾಗಿ ಹಳೇ ಪ್ರೋಗ್ರಾಂಗಳು ಉಳಿದವು. ಆದರೆ ನಿಮ್ಮ ಪ್ರೋಗ್ರಾಂ ಹೊಸ ರೀತಿಯಲ್ಲೂ, ನೀವು ಬಳಸುವ ಮೂರನೆಯವರ ಲೈಬ್ರರಿ ಹಳೇ ರೀತಿಯಲ್ಲೂ ಕಂಪೈಲ್ ಆಗಿದ್ದರೆ ಒಬ್ಬರ ಮಾತು ಒಬ್ಬರಿಗೆ ತಿಳಿಯುವುದಿಲ್ಲ. ಎರಡನ್ನೂ ಒಂದೇ ರೀತಿಯಲ್ಲಿ ಕಂಪೈಲ್ ಮಾಡಬೇಕು.

ಜಾವಾದವರು ಒಂದು ನೆನಪಿಡಿ. ಮೆಥಡ್‌ನ ಹೆಸರು ಹಾಗೇ ಇಟ್ಟು, ವಾಪಸ್ ಕೊಡುವ ವಿಧವನ್ನು ಇಂಟ್‌ನಿಂದ ಲಾಂಗ್‌ಗೆ ಬದಲಿಸಿದರೂ ಹಳೇ ಕ್ಲಾಸ್ ಫೈಲ್‌ಗೆ ಅದು ಬೇರೆಯೇ ಮೆಥಡ್. ಸೋರ್ಸ್ ನೋಡಿದರೆ "ಏನೂ ಬದಲಾಗಿಲ್ಲವಲ್ಲ" ಅನಿಸುತ್ತದೆ.

ಲಕ್ಷಣ: ಸಾಯುವುದೂ ಇಲ್ಲ, ಅಂಕಿ ತಪ್ಪು ತೋರಿಸುತ್ತದೆ

ನನಗೆ ಅತಿ ಭಯ ಇದರದ್ದೇ. ಬ್ಯಾಡಗಿಯಲ್ಲಿ ಆದದ್ದು ಇದೇ, ಹಾಗಾಗಿ ಬಿಡಿಸಿ ಹೇಳುತ್ತೇನೆ.

ಕಾಟಾದಿಂದ ತೂಕ ಓದುವ ಒಂದು ಸಣ್ಣ ಡಿಎಲ್‌ಎಲ್ ನಮ್ಮದು. ಸೀಸನ್‌ನ ಒಟ್ಟು ತೂಕವನ್ನೂ ಅದೇ ಕೂಡಿಸುತ್ತಾ ಹೋಗುತ್ತದೆ. ಆ ಮೊತ್ತವನ್ನು ಫ್ಲೋಟ್ ಅನ್ನುವ 4 ಬೈಟ್‌ನ ದಶಮಾಂಶ ಸಂಖ್ಯೆಯಲ್ಲಿ ಇಟ್ಟಿದ್ದೆವು. ಫ್ಲೋಟ್‌ಗೆ ಇರುವುದು 24 ಬಿಟ್‌ನಷ್ಟು ನಿಖರತೆ. ಮೊತ್ತ 2,62,144 ಕೆಜಿ ದಾಟಿದ ಮೇಲೆ ಅದು 31 ಗ್ರಾಂನ ಮೆಟ್ಟಿಲಲ್ಲೇ ಏರಬೇಕು, ನಡುವಿನ ಅಂಕಿ ಅದಕ್ಕೆ ಗೊತ್ತಿಲ್ಲ. ಚೀಲಕ್ಕೆ ಕೆಲವು ಗ್ರಾಂ ಆಚೆ ಈಚೆ ಆಗಿ, ಸಾವಿರಾರು ಚೀಲದ ನಂತರ ಬಿಲ್‌ಗಳ ಮೊತ್ತಕ್ಕೂ ತೆರೆಯ ಮೇಲಿನ ಮೊತ್ತಕ್ಕೂ ಅರ್ಧ ಕೆಜಿ ವ್ಯತ್ಯಾಸ ಬಂತು. ಅರ್ಧ ಕೆಜಿಗೆ ಯಾರು ತಲೆಕೆಡಿಸಿಕೊಳ್ಳುತ್ತಾರೆ ಅನ್ನಬೇಡಿ. ದಲಾಲಿ ಅಂಗಡಿಯ ಗುಮಾಸ್ತರಿಗೆ ಲೆಕ್ಕ ತಾಳೆ ಆಗದಿದ್ದರೆ ಊಟ ಸೇರುವುದಿಲ್ಲ.

ಫ್ಲೋಟ್ ತೆಗೆದು 8 ಬೈಟ್‌ನ ಡಬಲ್ ಮಾಡಿದೆವು. ಒಂದು ಪದದ ಬದಲಾವಣೆ. ಪ್ರೋಗ್ರಾಂ, ಡಿಎಲ್‌ಎಲ್ ಎರಡನ್ನೂ ಹೊಸದಾಗಿ ಬಿಲ್ಡ್ ಮಾಡಿ ಪರೀಕ್ಷಿಸಿದೆವು, ಸರಿ ಇತ್ತು. ಬದಲಾಗಿದ್ದು ಡಿಎಲ್‌ಎಲ್ ಮಾತ್ರ ಅಲ್ವಾ ಅಂತ ಅದೊಂದನ್ನೇ ಜಿಪ್ ಮಾಡಿ ಕಳಿಸಿದೆವು.

ಡಿಎಲ್‌ಎಲ್ ಉತ್ತರ ತುಂಬಿ ಕೊಡುವ ಡಬ್ಬಿಗೆ ಸ್ಟ್ರಕ್ಚರ್ ಅನ್ನುತ್ತಾರೆ. ಹಳೆಯದು ಹೀಗಿತ್ತು: ಮೊದಲ 4 ಬೈಟ್ ಸ್ಥಿತಿ, ಮುಂದಿನ 4 ಮೊತ್ತ, ಕೊನೆಯ 4 ತೂಕದ ಮಾನ. 0 ಅಂದರೆ ಕೆಜಿ, 1 ಅಂದರೆ ಕ್ವಿಂಟಲ್. ಒಟ್ಟು 12 ಬೈಟ್.

ಹೊಸದು ಹೀಗಾಯಿತು: 4 ಬೈಟ್ ಸ್ಥಿತಿ, ಆಮೇಲೆ 4 ಬೈಟ್ ಖಾಲಿ, ಆಮೇಲೆ 8 ಬೈಟ್ ಮೊತ್ತ, 4 ಬೈಟ್ ಮಾನ, ಮತ್ತೆ 4 ಖಾಲಿ. ಒಟ್ಟು 24. ಆ ಖಾಲಿ ಜಾಗ ನಾವು ಬಿಟ್ಟಿದ್ದಲ್ಲ. ಡಬಲ್ 8ರ ಗಡಿಯಲ್ಲೇ ಕೂರಬೇಕು ಅಂತ ಕಂಪೈಲರ್ ಸರಿಸಿತು.

ಹಳೇ ಪ್ರೋಗ್ರಾಂ ಮೊತ್ತವನ್ನು ಹಳೇ ಜಾಗದಲ್ಲೇ ಹುಡುಕಿತು. ಅಲ್ಲಿ ಈಗ ಖಾಲಿ. ಅದಕ್ಕೇ ಸೊನ್ನೆ. ಮಾನ ಹುಡುಕಿದ ಜಾಗದಲ್ಲಿ ಡಬಲ್‌ನ ಕೆಳಗಿನ ಅರ್ಧ ಕೂತಿತ್ತು.

ಗುಮಾಸ್ತರು ಇಲ್ಲಿ ನಮ್ಮನ್ನು ಉಳಿಸಿದರು. "ಮೊತ್ತಂತೂ ಸೊನ್ನಿನ ಐತ್ರಿ. ಆದ್ರ ಬಿಲ್ ಕೂಡ್ಸಿದಾಗ ಪಾಯಿಂಟ್ ಐವತ್ತು ಬಂದ್ರ ಬಾಜೂಕ ಕೆಜಿ ಅಂತೈತಿ, ಪಾಯಿಂಟ್ ಅರವತ್ತು ಬಂದ್ರ ಪ್ರಶ್ನೆ ಚಿಹ್ನಿ ತೋರಸ್ತೈತಿ" ಅಂತ ಚೀಟಿಯಲ್ಲಿ ಬರೆದಿಟ್ಟಿದ್ದರು. ಅರ್ಧ, ಕಾಲು, ಮುಕ್ಕಾಲು ಇವೆಲ್ಲ ಎರಡರ ಭಾಗಗಳು. ಅಂಥ ಅಂಕಿಯಲ್ಲಿ ಡಬಲ್‌ನ ಕೆಳಗಿನ 4 ಬೈಟ್ ಸೊನ್ನೆಯೇ ಇರುತ್ತದೆ, ಸೊನ್ನೆ ಅಂದರೆ ಕೆಜಿ. ಆದರೆ .60 ಎರಡರ ಭಾಗಗಳಲ್ಲಿ ಮುಗಿಯುವುದಿಲ್ಲ, ಕೆಳಗಿನ ಬೈಟ್‌ಗಳೆಲ್ಲ ತುಂಬುತ್ತವೆ, ಮಾನದ ಸಂಖ್ಯೆ ಅಡ್ಡಾದಿಡ್ಡಿ ಆಗುತ್ತದೆ. ಚೀಟಿ ಓದಿದ ಕೂಡಲೇ ಇದು ಲೆಕ್ಕದ ತಪ್ಪಲ್ಲ, ಜಾಗದ ತಪ್ಪು ಅಂತ ಗೊತ್ತಾಯಿತು. ಇನ್ನೂ ಕೆಟ್ಟದ್ದೆಂದರೆ, 12 ಬೈಟ್‌ನ ಡಬ್ಬಿಯಲ್ಲಿ ಡಿಎಲ್‌ಎಲ್ 20 ಬೈಟ್‌ವರೆಗೂ ಬರೆಯುತ್ತಿತ್ತು. ಪಕ್ಕದ ನೆನಪಿನ ಜಾಗ ಹಾಳಾಗಿ, ಬಿಲ್ ಪ್ರಿಂಟ್ ಕೊಟ್ಟಾಗ ಒಮ್ಮೊಮ್ಮೆ ಪ್ರೋಗ್ರಾಂ ಸುಮ್ನೆ ಮುಚ್ಚಿಕೊಳ್ಳುತ್ತಿತ್ತು.

ನಿಮಗೆ ಇಂಥ ಲಕ್ಷಣ ಕಂಡರೆ ಅದಲುಬದಲು ಪರೀಕ್ಷೆ ಮಾಡಿ. ಡೇಟಾದ ಪ್ರತಿ ಮೇಲೆ, ಬೇರೆ ಕಂಪ್ಯೂಟರ್‌ನಲ್ಲಿ.

ಹಳೇ ಪ್ರೋಗ್ರಾಂ, ಹಳೇ ಲೈಬ್ರರಿ: ಸರಿ ಇರಬೇಕು. ಇಲ್ಲೇ ಕೆಟ್ಟರೆ ಅಪ್‌ಡೇಟ್‌ಗೂ ದೋಷಕ್ಕೂ ಸಂಬಂಧ ಇಲ್ಲ.
ಹೊಸ ಪ್ರೋಗ್ರಾಂ, ಹೊಸ ಲೈಬ್ರರಿ: ಇದೂ ಕೆಟ್ಟರೆ ಪ್ಯಾಚ್‌ನ ಲೆಕ್ಕವೇ ತಪ್ಪು. ಕೋಡ್ ನೋಡಿ.
ಹಳೇ ಪ್ರೋಗ್ರಾಂ, ಹೊಸ ಲೈಬ್ರರಿ: ಮೇಲಿನ ಎರಡೂ ಸರಿ ಇದ್ದು ಇದೊಂದೇ ಕೆಟ್ಟರೆ ಹೊಂದಾಣಿಕೆ ಮುರಿದಿದೆ.

ಪರೀಕ್ಷೆಗೆ ಮುಂಚೆ ನಿಜವಾಗಿ ಯಾವ ಡಿಎಲ್‌ಎಲ್ ಲೋಡ್ ಆಗಿದೆ ಅಂತ ಮೈಕ್ರೋಸಾಫ್ಟ್‌ನ ಪ್ರೊಸೆಸ್ ಎಕ್ಸ್‌ಪ್ಲೋರರ್ ಅನ್ನುವ ಸಾಧನದಲ್ಲಿ ನೋಡಿ. ಪ್ರೋಗ್ರಾಂ ಇರುವ ಫೋಲ್ಡರ್‌ನಲ್ಲೇ ಹಳೇ ಪ್ರತಿ ಬಿದ್ದಿದ್ದರೆ ವಿಂಡೋಸ್ ಸಾಮಾನ್ಯವಾಗಿ ಅದನ್ನೇ ಮೊದಲು ಎತ್ತಿಕೊಳ್ಳುತ್ತದೆ. ಆಮೇಲೆ ಸ್ಟ್ರಕ್ಚರ್, ಫಂಕ್ಷನ್‌ಗಳ ವಿವರ ಇರುವ ಹೆಡರ್ ಫೈಲ್‌ಗಳ ಹಳೇ ಹೊಸ ಪ್ರತಿ ಪಕ್ಕಪಕ್ಕ ಇಟ್ಟು ಓದಿ. ಸ್ಟ್ರಕ್ಚರ್‌ನ ನಡುವೆ ಹೊಸ ಫೀಲ್ಡ್ (ಖಾನೆ), ಈನಮ್‌ನ (ಸಂಖ್ಯೆಗಳಿಗೆ ಕೊಟ್ಟ ಹೆಸರುಗಳ ಪಟ್ಟಿ) ನಡುವೆ ಹೊಸ ಹೆಸರು, ಸಿ++ ಕ್ಲಾಸ್‌ನಲ್ಲಿ ನಡುವೆ ತೂರಿಸಿದ ವರ್ಚುವಲ್ ಫಂಕ್ಷನ್, ಬದಲಾದ ವಿಧ. ಅಪರಾಧಿ ಹೆಚ್ಚಾಗಿ ಈ ನಾಲ್ಕರಲ್ಲಿ ಒಬ್ಬ. ಲಿನಕ್ಸ್‌ನಲ್ಲಿ ಎಬಿಐಡಿಫ್ ಅನ್ನುವ ಹೋಲಿಕೆ ಸಾಧನಕ್ಕೆ ಎರಡೂ ಲೈಬ್ರರಿ ಕೊಟ್ಟರೆ, ಡಿಬಗ್ ಮಾಹಿತಿ ಇದ್ದಾಗ, ಎಷ್ಟನೇ ಬಿಟ್‌ನಲ್ಲಿದ್ದ ಫೀಲ್ಡ್ ಎಲ್ಲಿಗೆ ಸರಿಯಿತು ಅಂತಲೂ ಹೇಳುತ್ತದೆ.

ನಾವು ಡಬಲ್ ಕಿತ್ತು ಹಾಕಲಿಲ್ಲ. ಡಿಎಲ್‌ಎಲ್ ಒಳಗೆ ಲೆಕ್ಕ ಡಬಲ್‌ನಲ್ಲೇ ಉಳಿಯಿತು. ಹಳೇ ಫಂಕ್ಷನ್ ಹಳೇ 12 ಬೈಟ್‌ನ ಸ್ಟ್ರಕ್ಚರ್‌ನಲ್ಲೇ ಉತ್ತರ ಕೊಡುವ ಹಾಗೆ ಮಾಡಿ, ಪಕ್ಕದಲ್ಲಿ ಹೊಸ ಹೆಸರಿನ ಫಂಕ್ಷನ್ ಸೇರಿಸಿದೆವು. ಹಳೇ ಪ್ರೋಗ್ರಾಂಗೂ ಲಾಭವಾಯಿತು, ಕೂಡಿಸುವಾಗ ತಪ್ಪು ಸೇರಿಕೊಳ್ಳುವುದಿಲ್ಲ, ಕೊನೆಯಲ್ಲಿ ತೋರಿಸುವಾಗ ಮಾತ್ರ ಕೆಲವು ಗ್ರಾಂ. ಹೊಸ ಸ್ಟ್ರಕ್ಚರ್‌ನ ಮೊದಲ ಫೀಲ್ಡ್ ಅದರ ಅಳತೆಯೇ. ವಿಂಡೋಸ್‌ನವರು ಎಷ್ಟೋ ಕಾಲದಿಂದ ಮಾಡುತ್ತಿರುವ ಉಪಾಯ ಅದು. ಕರೆಯುವವನು ಎಷ್ಟು ದೊಡ್ಡ ಡಬ್ಬಿ ತಂದಿದ್ದಾನೆ ಅಂತ ನೋಡಿಕೊಂಡು ಅಷ್ಟೇ ತುಂಬಬಹುದು.

ಲಕ್ಷಣ: ಜೋಡಣೆ ಎಲ್ಲ ಸರಿ, ಆದರೂ ಕೆಟ್ಟಿತು

ಫೀಲ್ಡ್ ಸರಿದಿಲ್ಲ, ಫಂಕ್ಷನ್ ಇದೆ, ಎಬಿಐಡಿಫ್ ಸುಮ್ಮನಿದೆ. ಆದರೂ ಗಿರಾಕಿ ಬಯ್ಯುತ್ತಿದ್ದಾರೆ. ಹಾಗಿದ್ದರೆ ಯಾರೋ ನಿಮ್ಮ ಬಗ್ ಅನ್ನೇ ನಂಬಿಕೊಂಡು ಬದುಕಿದ್ದಾರೆ.

2010ರಲ್ಲಿ ಫೆಡೋರಾ 14 ಅನ್ನುವ ಲಿನಕ್ಸ್ ಬಂದಾಗ 64 ಬಿಟ್‌ನ ಅಡೋಬ್ ಫ್ಲ್ಯಾಶ್‌ನಲ್ಲಿ ಹಾಡು ಕರಕರ ಅನ್ನಲು ಶುರುವಾಯಿತು. ನೆನಪಿನ ಒಂದು ಜಾಗದಿಂದ ಇನ್ನೊಂದಕ್ಕೆ ನಕಲು ಮಾಡುವ ಜಿಲಿಬ್‌ಸಿಯ ಮೆಮ್‌ಕಾಪಿ ಫಂಕ್ಷನ್ ವೇಗವಾಗಿತ್ತು, ಅದಕ್ಕಾಗಿ ನಕಲು ಮಾಡುವ ದಿಕ್ಕು ಬದಲಾಗಿತ್ತು. ಒಂದರ ಮೇಲೊಂದು ಬೀಳುವ ಜಾಗಗಳಿಗೆ ಮೆಮ್‌ಕಾಪಿ ಬಳಸಬಾರದು, ಮೆಮ್‌ಮೂವ್ ಬಳಸಬೇಕು ಅನ್ನುವುದು ಹಳೇ ನಿಯಮ. ಫ್ಲ್ಯಾಶ್ ಆ ನಿಯಮ ಮುರಿದಿತ್ತು. ನಿಯಮದ ಪ್ರಕಾರ ಜಿಲಿಬ್‌ಸಿ ಸರಿ. ಆದರೆ ಹಾಡು ಕೇಳುವವನಿಗೆ ನಿಯಮ ಯಾಕೆ? ಲಿನಕ್ಸ್ ಶುರುಮಾಡಿದ ಲಿನಸ್ ಟೊರ್ವಾಲ್ಡ್ಸ್ ಕೂಡ ಆ ಚರ್ಚೆಗೆ ಇಳಿದು ಬಳಕೆದಾರರ ಪಕ್ಷ ಹಿಡಿದರು. ಕೊನೆಗೆ 2011ರ ಜಿಲಿಬ್‌ಸಿ 2.14ರಲ್ಲಿ ಮೆಮ್‌ಕಾಪಿಗೆ ಹೊಸ ವರ್ಶನ್ ಗುರುತು ಕೊಟ್ಟರು. ಹೊಸದಾಗಿ ಕಂಪೈಲ್ ಆದವರಿಗೆ ವೇಗದ್ದು, ಹಳೇ ಬೈನರಿಗಳಿಗೆ ಮೆಮ್‌ಮೂವ್ ಹಾಗೆ ನಡೆಯುವ ಸುರಕ್ಷಿತ ರೂಪ.

ನಿಮ್ಮಲ್ಲಿ ಕೆಡಿಸಿದ ಬದಲಾವಣೆಯ ಪತ್ತೆಗೆ, ಕೋಡ್‌ನ ಚರಿತ್ರೆ ಇಡುವ ಗಿಟ್‌ನ ಬೈಸೆಕ್ಟ್ ಕಮಾಂಡ್ ಸಾಕು. ಸರಿ ಇದ್ದ ರಿಲೀಸ್, ಕೆಟ್ಟ ರಿಲೀಸ್ ಎರಡನ್ನೂ ಕೊಟ್ಟರೆ 1,000 ಬದಲಾವಣೆಗಳ ನಡುವಿನಿಂದ ಸುಮಾರು 10 ಪರೀಕ್ಷೆಯಲ್ಲಿ ಒಂದಕ್ಕೆ ತಂದು ನಿಲ್ಲಿಸುತ್ತದೆ. ಪ್ರತಿ ಸಲ ಬದಲಿಸಬೇಕಾದ್ದು ಲೈಬ್ರರಿ ಮಾತ್ರ. ಪ್ರೋಗ್ರಾಂ ಹಳೇ ಬೈನರಿಯೇ ಇರಲಿ.

ಲಕ್ಷಣ: ಅಪ್‌ಡೇಟ್ ಹಾಕಿದರೂ ಹಳೇ ಬಗ್ ಹೋಗಿಲ್ಲ

ಮೊದಲು ರೀಸ್ಟಾರ್ಟ್ ಮಾಡಿ. ನಗಬೇಡಿ. ಡಿಸ್ಕ್‌ನಲ್ಲಿ ಫೈಲ್ ಬದಲಾದರೂ ಓಡುತ್ತಿರುವ ಪ್ರೋಗ್ರಾಂ ಹಳೆಯದನ್ನೇ ಹಿಡಿದುಕೊಂಡಿರುತ್ತದೆ. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ದೋಷ ಬಯಲಾದಾಗ ಅದನ್ನು ಸರಿಪಡಿಸಿದ 1.0.1ಜಿ ಆವೃತ್ತಿ ಹೊಂದಾಣಿಕೆ ಮುರಿಯದೆ ಬಂತು, ಹಾಗಾಗಿ ಯಾರೂ ಪ್ರೋಗ್ರಾಂ ಮತ್ತೆ ಕಂಪೈಲ್ ಮಾಡಬೇಕಿರಲಿಲ್ಲ. ಲೈಬ್ರರಿ ಬದಲಿಸಿ ಸರ್ವರ್ ರೀಸ್ಟಾರ್ಟ್ ಮಾಡಿದರೆ ಆ ತೂತು ಮುಚ್ಚುತ್ತಿತ್ತು. ರೀಸ್ಟಾರ್ಟ್ ಮರೆತವರ ಸರ್ವರ್ ಮಾತ್ರ ಹಾಗೇ ಸೋರುತ್ತಿತ್ತು. ಲೈಬ್ರರಿಯನ್ನು ಪ್ರೋಗ್ರಾಂ ಒಳಗೇ ಸೇರಿಸಿ ಬಿಲ್ಡ್ ಮಾಡಿದವರಿಗೆ ಈ ಸುಲಭ ದಾರಿ ಇರಲಿಲ್ಲ.

ರೀಸ್ಟಾರ್ಟ್‌ನಿಂದಲೂ ಹೋಗದಿದ್ದರೆ ಹೆಚ್ಚಾಗಿ ಬಗ್ ಇರುವುದು ಹೆಡರ್‌ನಲ್ಲಿ. ಇನ್‌ಲೈನ್ ಫಂಕ್ಷನ್, ಮ್ಯಾಕ್ರೋ, ಟೆಂಪ್ಲೇಟ್, ಜಾವಾದ ಸ್ಟ್ಯಾಟಿಕ್ ಫೈನಲ್ ಸ್ಥಿರ ಸಂಖ್ಯೆ ಇವೆಲ್ಲ ಕಂಪೈಲ್ ಆಗುವಾಗಲೇ ಕರೆಯುವವನ ಬೈನರಿಗೆ ಸೇರಿಕೊಂಡಿರುತ್ತವೆ. ಲೈಬ್ರರಿ ನೂರು ಸಲ ಬದಲಿಸಿದರೂ ಉಪಯೋಗ ಇಲ್ಲ, ಪ್ರೋಗ್ರಾಂ ಅನ್ನೇ ಮತ್ತೆ ಬಿಲ್ಡ್ ಮಾಡಬೇಕು.

ರಿಲೀಸ್ ಮಾಡುವವರು ನೀವೇ ಆಗಿದ್ದರೆ

ಹೊರಗಿನ ರೂಪ ಮುಟ್ಟದೆ ಸರಿಯಾಗುವ ಬಗ್ ಇದ್ದರೆ ಚಿಕ್ಕ ರಿಲೀಸ್‌ನಲ್ಲೇ ಹಾಕಿ, ಯೋಚನೆ ಬೇಡ. ರೂಪ ಮುಟ್ಟಲೇಬೇಕಾದರೆ ಮೊದಲು ಪಕ್ಕದಲ್ಲಿ ಹೊಸ ಫಂಕ್ಷನ್ ಇಡಲು ಆಗುತ್ತದಾ ನೋಡಿ. ನನ್ನ ಅನುಭವದಲ್ಲಿ ಹೆಚ್ಚಿನ ಸಲ ಆಗುತ್ತದೆ, ನಮಗೆ ಬೇಜಾರು ಅಷ್ಟೇ. ಅದೂ ಆಗದಿದ್ದರೆ ಮುಂದಿನ ದೊಡ್ಡ ರಿಲೀಸ್‌ವರೆಗೆ ಕಾದು, ಲೈಬ್ರರಿಯ ಸಂಖ್ಯೆಯನ್ನೇ ಬದಲಿಸಿ.

ಕಾಯಬಾರದ ಸಂದರ್ಭ ಎರಡು: ಹೊರಗಿನವರು ನುಗ್ಗಬಹುದಾದ ಭದ್ರತೆಯ ತೂತು, ಮತ್ತು ಡೇಟಾ ಕೆಡಿಸುವ ಬಗ್. ಅಲ್ಲಿ ಹೊಂದಾಣಿಕೆ ಮುರಿದರೂ ಸರಿ, ಮುರಿಯಿರಿ. ಆದರೆ ಗದ್ದಲ ಮಾಡಿ ಮುರಿಯಿರಿ. ಹಳೇ ಪ್ರೋಗ್ರಾಂ ಶುರುವಿನಲ್ಲೇ ನಿಲ್ಲಬೇಕು, ಸದ್ದಿಲ್ಲದೆ ಸೊನ್ನೆ ತೋರಿಸಬಾರದು.

ಇನ್ನು ಕೆಲವಕ್ಕೆ ಗಡುವೇ ಇದೆ. 32 ಬಿಟ್‌ನಲ್ಲಿ ಸಮಯ ಎಣಿಸುವ ಪ್ರೋಗ್ರಾಂಗಳಿಗೆ 2038ರ ಜನವರಿ 19ರ ಬೆಳಿಗ್ಗೆ, ನಮ್ಮ ಸಮಯ 8:44ಕ್ಕೆ ಎಣಿಕೆ ಮುಗಿಯುತ್ತದೆ. ಸಮಯದ ಫೀಲ್ಡ್ 64 ಬಿಟ್ ಆದರೆ ಅದನ್ನು ಹೊತ್ತ ಸ್ಟ್ರಕ್ಚರ್‌ಗಳೆಲ್ಲ ಸರಿಯುತ್ತವೆ. ಡೆಬಿಯನ್ ಲಿನಕ್ಸ್‌ನವರು 2024ರಲ್ಲಿ ಈ ಕೆಲಸಕ್ಕೆ ಇಳಿದಾಗ ರಾಶಿ ಲೈಬ್ರರಿ ಪ್ಯಾಕೇಜ್‌ಗಳ ಹೆಸರಿಗೆ ಟಿ64 ಅನ್ನುವ ಬಾಲ ಹಚ್ಚಿದ್ದು ಇದಕ್ಕೇ.

ಎಲ್ಲಿ ನಿಲ್ಲಿಸಿ ಸಹಾಯ ಕೇಳಬೇಕು

ತಪ್ಪು ಅಂಕಿ ಡೇಟಾಬೇಸ್‌ಗೆ ಬರೆದಾಗಿದೆ ಅನ್ನುವ ಅನುಮಾನ ಬಂದ ಕ್ಷಣ ನಿಲ್ಲಿಸಿ. ಪ್ರೋಗ್ರಾಂ ಮುಚ್ಚಿ, ಆ ಸ್ಥಿತಿಯದ್ದೇ ಒಂದು ಪ್ರತಿ ಎತ್ತಿಡಿ, ಮೊದಲಿನ ಬ್ಯಾಕಪ್ ಮೇಲೆ ಅದನ್ನು ಬರೆಯಬೇಡಿ. ಕೈಯಿಂದ ಅಂಕಿ ತಿದ್ದಲು ಹೋಗಬೇಡಿ, ಯಾವುದು ಮೂಲ ಯಾವುದು ತಿದ್ದಿದ್ದು ಅಂತ ಆಮೇಲೆ ತಿಳಿಯುವುದಿಲ್ಲ. ಕಾಟಾದ ಮೇಲೇ ಅನುಮಾನ ಬಂದರೆ ಅದರ ಸರಕಾರಿ ಮುದ್ರೆಯ ಸೀಲ್ ಕೀಳಬೇಡಿ, ಲೈಸೆನ್ಸ್ ಇರುವ ರಿಪೇರಿಯವರನ್ನೇ ಕರೆಸಿ.

ಫೋನ್ ಮಾಡುವ ಮುಂಚೆ ಇಷ್ಟು ಕೈಯಲ್ಲಿರಲಿ: ದೋಷದ ಸಂದೇಶದ ಫೋಟೋ, ಪ್ರೋಗ್ರಾಂ ಫೈಲ್ ಮತ್ತು ಲೈಬ್ರರಿ ಫೈಲ್ ಎರಡರ ವರ್ಶನ್ ಹಾಗೂ ತಾರೀಖು, ಅದಲುಬದಲು ಪರೀಕ್ಷೆಯಲ್ಲಿ ಯಾವ ಜೋಡಿ ಕೆಟ್ಟಿತು ಅನ್ನುವುದು. ಜೊತೆಗೆ ತಪ್ಪಾಗಿ ಬಂದ ಐದಾರು ಅಂಕಿ, ಸರಿಯಾಗಿ ಬಂದ ಐದಾರು ಅಂಕಿ. ಪೂರ್ಣಾಂಕ ಮಾಡಿ ಬರೆಯಬೇಡಿ, ಪಾಯಿಂಟ್ ಆದ ಮೇಲಿನದ್ದೂ ಇರಲಿ.